‘ಜನ ನೆಗಾಡ್ತ್ರ್’ ಎಂಬ ಕಾಯಿದೆ

ಕನ್ನಡದ ಹುಡುಗ ಹುಡುಗಿಯರೇ, ಮೊದಲು ಒಂದು ಗಳಿಗೆ ನನ್ನ ಅಂಗಡಿಗೆ ಬನ್ನಿ. ಕುಂದಾಪುರದಲ್ಲಿ ನನ್ನ ಅಪ್ಪ ಇಟ್ಟ ಸಣ್ಣ ಪ್ರೆಸ್ಸು. ಅವರ ಕಾಲಕ್ಕೆ ಕಾಲಲ್ಲಿ ತುಳಿಯುವ ಟ್ರೆಡಲ್ ಇತ್ತು, ಸೀಸದ ಮೊಳೆ ಇತ್ತು. ನಾನು ಪಿಯುಸಿ ಮುಗಿಸಿ ಬಂದು ಕೂತದ್ದು 1997ರಲ್ಲಿ, ಉಡುಪಿ ಬೇರೆ ಜಿಲ್ಲೆಯಾದ ವರ್ಷ. ಈಗ ಆಫ್‌ಸೆಟ್ ಇದೆ, ಡಿಟಿಪಿ ಇದೆ, ಫ್ಲೆಕ್ಸ್ ಇದೆ. ಮದುವೆ ಕಾಗದ, ಬಿಲ್ ಪುಸ್ತಕ, ಆಟದ ಕರಪತ್ರ, ಬೊಜ್ಜದ ಕಾಗದ, ಇಷ್ಟರಲ್ಲಿ ನನ್ನ ಸಂಸಾರ ನಡೆಯುತ್ತದೆ.

ಊರಿನವರ ತಲೆಯಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಪ್ರೆಸ್ಸಿನಂಥ ಜಾಗ ಇನ್ನೊಂದಿಲ್ಲ. ಮನುಷ್ಯ ತನಗೆ ಬೇಕಾದದ್ದನ್ನು ಬಾಯಲ್ಲಿ ಹೇಳುತ್ತಾನೆ. ಅಚ್ಚು ಹಾಕಿಸುವಾಗ ಮಾತ್ರ, ನಾಲ್ಕು ಜನ ನೋಡಿದರೆ ಏನಂದಾರು ಅಂತ ಲೆಕ್ಕ ಹಾಕಿ ಹಾಕಿಸುತ್ತಾನೆ.

ಕೆಲವು ವರ್ಷದ ಹಿಂದೆ ಒಂದು ಮಳೆಗಾಲದ ಕೊನೆಗೆ ಗಂಡ ಹೆಂಡತಿ ಬಂದರು. ಮಗಳ ಮದುವೆ. ಮೊಬೈಲಿನಲ್ಲಿ ಒಂದು ಮಾದರಿ ತೋರಿಸಿದರು. ಆರಂಭದಿಂದ ಕೊನೆಯವರೆಗೆ ಇಂಗ್ಲಿಷ್. ಗಣಪತಿ ಚಿತ್ರ ಒಂದು ಬಿಟ್ಟರೆ ನಮ್ಮದು ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಗಂಡಿನ ಮನೆ ಎಲ್ಲಿ ಅಂತ ಕೇಳಿದೆ. ಕೋಟೇಶ್ವರ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕುಂದಾಪುರದಲ್ಲಿ ಬಸ್ಸು ಹತ್ತಿ ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಕೋಟೇಶ್ವರ ಬಂದುಬಿಡುತ್ತದೆ. ಕಾಗದ ಯಾರಿಗೆಲ್ಲ ಕೊಡುತ್ತೀರಿ? ಹೆಮ್ಮಾಡಿ, ತಲ್ಲೂರು, ಬಸ್ರೂರು, ನಾವುಂದ, ಸಾಲಿಗ್ರಾಮದ ನೆಂಟರಿಗೆ. ಅದರಲ್ಲಿ ಇಂಗ್ಲಿಷೇ ಬೇಕು, ಕನ್ನಡ ಓದಲು ಬರುವುದಿಲ್ಲ ಅನ್ನುವವರು ಒಬ್ಬರಾದರೂ ಇದ್ದಾರಾ? ಗಂಡ ಮಾತಾಡಲಿಲ್ಲ. ಹೆಂಡತಿ ಅಂದರು: ‘ಕನ್ನಡ್ದಗೆ ಹಾಕ್ರೆ ಜನ ನೆಗಾಡ್ತ್ರ್ ಕಾಣಿ.’

ನೆಗಾಡುವುದು ಅಂದರೆ ನಗುವುದು. ಆದರೆ ಖುಷಿಗೆ ನಗುವುದಲ್ಲ, ಇನ್ನೊಬ್ಬನನ್ನು ಇಟ್ಟುಕೊಂಡು ನಗುವುದು.

ವಿಚಿತ್ರ ಎಂದರೆ, ಗಂಡಿನ ಕಡೆಯ ಕಾಗದವೂ ನನ್ನಲ್ಲಿಗೇ ಬಂತು. ಅದೂ ಇಂಗ್ಲಿಷ್. ಹುಡುಗನ ಅಣ್ಣನನ್ನು ಕೂರಿಸಿ ಚಾ ತರಿಸಿ ಕೇಳಿದೆ, ಇದು ಯಾಕೆ ಹೀಗೆ ಅಂತ. ‘ಹೆಣ್ಣಿನೋರ್ ಕಲ್ತೋರ್ ಅಲ್ದಾ, ಅವ್ರ್ ಎಂತ ತಿಳ್ಕಂತ್ರ್?’ ಅಂದ. ನೋಡಿ ಸ್ವಾಮಿ! ಹೆಣ್ಣಿನವರು ಗಂಡಿನವರಿಗೆ ಹೆದರಿ ಇಂಗ್ಲಿಷ್, ಗಂಡಿನವರು ಹೆಣ್ಣಿನವರಿಗೆ ಹೆದರಿ ಇಂಗ್ಲಿಷ್. ಎರಡು ಮನೆಯಲ್ಲಿ ಒಬ್ಬರಿಗೂ ಅದು ಬೇಕಾಗಿರಲಿಲ್ಲ. ಇವರ ತಲೆಯ ಮೇಲೆ ಬ್ರಿಟಿಷರು ಕೂತಿರಲಿಲ್ಲ, ದೆಹಲಿಯಿಂದ ಆದೇಶ ಬಂದಿರಲಿಲ್ಲ. ಹುಡುಗಿಯ ಅಜ್ಜಿ ಮಾತ್ರ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಮೊಮ್ಮಗಳ ಹೆಸರು ಎಲ್ಲಿದೆ ಅಂತ ಕೇಳಿದರಂತೆ.

ನಾವು ಚಳವಳಿಯವರು ಮಾತೆತ್ತಿದರೆ ಕಾನೂನು, ಸುತ್ತೋಲೆ, ಸರ್ಕಾರ ಅನ್ನುತ್ತೇವೆ. ಬೇಕು, ಬೇಡ ಅಂದವರು ಯಾರು? 2024ರಲ್ಲಿ ತಿದ್ದುಪಡಿಯಾದ ಕಾಯಿದೆ ಬಂದು ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂದಿತು. ಅದರ ಹಿಂದೆ ಬೀದಿಗೆ ಇಳಿದವರ ಬೆವರಿದೆ, ಜೈಲಿಗೆ ಹೋದವರ ಕಷ್ಟವಿದೆ. ಆ ತಿದ್ದುಪಡಿಯಿಂದ ನನ್ನಂಥವರಿಗೆ ನಾಲ್ಕು ಕಾಸಿನ ಕೆಲಸವೂ ಸಿಕ್ಕಿತು, ಸುಳ್ಳು ಹೇಳುವುದಿಲ್ಲ. ಆದರೆ ಕಾಯಿದೆ ಅಕ್ಷರದ ಅಳತೆ ಹೇಳಬಲ್ಲದು. ಅಂಗಡಿಯ ಒಳಗೆ ಗಿರಾಕಿ ಕನ್ನಡದಲ್ಲಿ ಕೇಳಿದಾಗ ಸೇಲ್ಸ್ ಹುಡುಗಿಯ ತುಟಿ ಯಾವ ಕಡೆಗೆ ಸೊಟ್ಟಗಾಗಬೇಕು ಅಂತ ಯಾವ ವಿಧಾನಸಭೆಯೂ ಮಸೂದೆ ಮಂಡಿಸಲಾರದು. ಭಾಷೆಯ ಅರ್ಧ ಜೀವ ಇರುವುದು ಆ ತುಟಿಯಲ್ಲಿ.

ಈ ತುಟಿಗೆ ಎಷ್ಟು ಬಲ ಇದೆ ಅಂತ ತಿಳಿಯಬೇಕಾದರೆ ನಮ್ಮ ಯಕ್ಷಗಾನ ನೋಡಿ. ಬೆಂಗಳೂರಿನ ಎಷ್ಟು ಜನರಿಗೆ ಇದು ಗೊತ್ತೋ ಇಲ್ಲವೋ. ಪ್ರಸಂಗ ಅನ್ನುವುದು ಪದ್ಯದ ಪುಸ್ತಕ. ಭಾಗವತರು ಪದ್ಯ ಹೇಳುತ್ತಾರೆ. ಅದರ ಮೇಲೆ ವೇಷಧಾರಿ ಆಡುವ ಮಾತು ಪ್ರಸಂಗದ ಪುಸ್ತಕದಲ್ಲಿ ಇಲ್ಲ. ಹಿರಿಯರಿಂದ ಕೇಳಿದ್ದು, ತಾನು ಓದಿದ್ದು, ಆ ಹೊತ್ತಿಗೆ ಹೊಳೆದದ್ದು, ಎಲ್ಲ ಸೇರಿಸಿ ಆಡಬೇಕು. ರಾತ್ರಿಯಿಡೀ ಹೀಗೆ. ಈಗಿನ ಕಲಾವಿದರಲ್ಲಿ ಡಿಗ್ರಿ ಮಾಡಿದವರಿದ್ದಾರೆ, ಮೇಷ್ಟ್ರಿದ್ದಾರೆ, ಬ್ಯಾಂಕಿನವರಿದ್ದಾರೆ. ಹಗಲಿಡೀ ಮಾತಿಗೊಂದು ಇಂಗ್ಲಿಷ್ ಪದ ಹಾಕುವವರು. ಅವರೇ ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಂದರೆ ದೇವೇಂದ್ರನ ಬಾಯಲ್ಲಿ ‘ಟೈಮ್’ ಬರುವುದಿಲ್ಲ, ಕರ್ಣನ ಬಾಯಲ್ಲಿ ‘ಸಾರಿ’ ಬರುವುದಿಲ್ಲ.

ಯಾರು ಮಾಡಿದ ಕಾನೂನು ಇದು? ಇದಕ್ಕಾಗಿ ಯಾವ ಇಲಾಖೆಯೂ ಇನ್ಸ್‌ಪೆಕ್ಟರನ್ನು ಕಳಿಸುವುದಿಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಆಟ ನೋಡುತ್ತ ಬೆಳೆದ ನಾನು ಇದನ್ನು ಕಂಡದ್ದು ಹೀಗೆ. ಹರಕೆ ಆಟ, ಗದ್ದೆ ಕೊಯ್ಲಾದ ಬಯಲು. ಎದುರಿನ ಸಾಲಿನಲ್ಲಿ ಶಾಲು ಹೊದ್ದ ನಾಲ್ಕು ಮುದುಕರು. ಹೊಸ ಹುಡುಗನೊಬ್ಬ ಪುಂಡುವೇಷದಲ್ಲಿ ಒಳ್ಳೆ ಗಿರ್ಕಿ ಹೊಡೆದ, ಜನ ಚಪ್ಪಾಳೆ ತಟ್ಟಿದರು. ಮಾತಿಗೆ ನಿಂತಾಗ ಉತ್ಸಾಹದಲ್ಲಿ ಒಂದು ಇಂಗ್ಲಿಷ್ ಪದ ಜಾರಿತು. ಯಾರೂ ಬೊಬ್ಬೆ ಹಾಕಲಿಲ್ಲ, ಕಲ್ಲು ಬಿಸಾಡಲಿಲ್ಲ. ಮುದುಕರಲ್ಲಿ ಒಬ್ಬರು ಪಕ್ಕದವರ ಮುಖ ನೋಡಿದರು. ಪಕ್ಕದವರು ಕೆಮ್ಮಿದರು. ಹಿಂದಿನಿಂದ ಒಂದು ‘ಹ್ಹೆ’ ಅನ್ನುವ ಸದ್ದು. ಅಷ್ಟೇ. ಆಮೇಲೆ ಚೌಕಿಯಲ್ಲಿ ಹಿರಿಯ ವೇಷಧಾರಿ ಬಣ್ಣ ತೆಗೆಯುತ್ತ ಕನ್ನಡಿ ಒಳಗಿಂದಲೇ ಅವನನ್ನು ಒಮ್ಮೆ ನೋಡಿದರಂತೆ. ಬೈಯಲಿಲ್ಲ. ಆ ಹುಡುಗ ಈಗ ಹೆಸರಾದ ಕಲಾವಿದ. ಅವನ ಬಾಯಿಂದ ಆ ತಪ್ಪು ನಾನು ಮತ್ತೆ ಕೇಳಿಲ್ಲ.

ಒಂದು ಕೆಮ್ಮು, ಒಂದು ನೋಟ. ಒಂದು ರೂಪಾಯಿ ದಂಡ ಇಲ್ಲದೆ ತಲೆಮಾರುಗಟ್ಟಲೆ ಒಂದು ಭಾಷೆಯನ್ನು ಕಾದ ಜನ ಇವರು. ಹಾರಾಡಿ, ಮಟಪಾಡಿ ಅಂತ ಬ್ರಹ್ಮಾವರದ ಹತ್ತಿರದ ಎರಡು ಊರಿನ ಹೆಸರಲ್ಲಿ ಎರಡು ಶೈಲಿಗಳೇ ಇವೆ. ಹೆಜ್ಜೆ ತಪ್ಪಿದರೆ ಗುರುತಿಸುವ ಪ್ರೇಕ್ಷಕರು ಇದ್ದದ್ದರಿಂದ ಅವು ಬೇರೆ ಬೇರೆಯಾಗಿ ಉಳಿದವು ಅಂತ ನನ್ನ ಲೆಕ್ಕ.

ಈ ನೋಟಕ್ಕೆ ಯಾಕೆ ಇಷ್ಟು ಶಕ್ತಿ? ನಮ್ಮ ಕಡೆ ಒಬ್ಬನಿಗೆ ಇನ್ನೊಬ್ಬ ಬೇಕು. ಬಲೆ ಎಳೆಯಲು ಜನ ಬೇಕು, ನಾಟಿಗೆ ಜನ ಬೇಕಿತ್ತು, ಹೆಣ ಹೊರಲು ನಾಲ್ಕು ಹೆಗಲು ಬೇಕೇ ಬೇಕು. ಯಾರ ಮನೆಯ ಸಾವಿಗೂ ಹೋಗದವನ ಮನೆಯ ಮದುವೆಗೆ ಊರು ಹೋಗುವುದಿಲ್ಲ, ಹೋದರೂ ಉಂಡು ಕೈ ತೊಳೆದು ಮಾತಾಡದೆ ಬರುತ್ತದೆ. ಹಾಗಾಗಿ ನಾಳೆ ಬೇಕಾಗುವವನ ಮುಖ ಇಂದು ಸಪ್ಪಗಾಗದಂತೆ ಎಲ್ಲರೂ ನೋಡಿಕೊಳ್ಳುತ್ತಾರೆ. ಗಂಗೊಳ್ಳಿಯ ಬಂದರಿನಲ್ಲಿ ನಿಂತು ನೋಡಿ. ಖಾರ್ವಿಗಳ ಮನೆಮಾತು ಕೊಂಕಣಿ, ಮೊಗವೀರರದ್ದು ಕನ್ನಡ, ಮುಸಲ್ಮಾನರ ಮನೆಯಲ್ಲಿ ಇನ್ನೊಂದು. ಬ್ರಹ್ಮಾವರಕ್ಕೆ ಬಂದರೆ ತುಳು ಶುರು. ನಾಲ್ಕು ಜನ ತಮ್ಮ ತಮ್ಮ ಮಾತಿನಲ್ಲಿ ಇರುವಾಗ ಬೇರೆಯವ ಒಬ್ಬ ಬಂದು ಸೇರಿದ ಎನ್ನಿ, ಮಾತು ತಾನಾಗಿ ಕನ್ನಡಕ್ಕೆ ತಿರುಗುತ್ತದೆ. ತಿರುಗಿಸದವನಿಗೆ ಪಕ್ಕದವನ ಮೊಣಕೈ ತಾಗುತ್ತದೆ. ಒಬ್ಬ ಮನುಷ್ಯ ಎದುರು ಇರುವಾಗ ಅವನಿಗೆ ತಿಳಿಯದ ಮಾತಾಡುವುದು ಮರ್ಯಾದೆಯಲ್ಲ ಅನ್ನುವುದು ಅಲ್ಲಿನ ಲೆಕ್ಕ. ಬೆಂಗಳೂರಿನ ಆಫೀಸಿನಲ್ಲಿ ಹತ್ತು ಕನ್ನಡಿಗರ ಮಧ್ಯೆ ಒಬ್ಬ ಹೊರಗಿನವ ಕೂತ ಕೂಡಲೇ ಇಡೀ ಮೇಜು ಹಿಂದಿಗೋ ಇಂಗ್ಲಿಷಿಗೋ ತಿರುಗುತ್ತದಂತೆ. ಅದೂ ಅದೇ ಮರ್ಯಾದೆ. ಆದರೆ ಹತ್ತು ವರ್ಷ ಇಲ್ಲೇ ಅನ್ನ ತಿಂದು ಕನ್ನಡ ಕಲಿಯದ ಅವನಿಗೆ ಮೊಣಕೈ ತಾಗಿಸುವವರು ಮಾತ್ರ ಯಾರೂ ಇಲ್ಲ.

ಇಲ್ಲಿಯವರೆಗೆ ನಮ್ಮ ಬೆನ್ನು ನಾವೇ ತಟ್ಟಿಕೊಂಡಾಯಿತು. ಇನ್ನು ಕಹಿ ಮಾತು.

ಈ ಆಯುಧ ನಮ್ಮ ಕೈಯಲ್ಲಿದೆ, ಸರಿ. ಅದನ್ನು ನಾವು ಹೆಚ್ಚಾಗಿ ಬೀಸಿದ್ದು ಯಾರ ಮೇಲೆ? ನಮ್ಮವರ ಮೇಲೆಯೇ. ನಮ್ಮ ಯಕ್ಷಗಾನದಲ್ಲೇ ನೋಡಿ, ರಾಜ ಆಡುವುದು ಗ್ರಾಂಥಿಕ ಕನ್ನಡ. ಕುಂದಾಪ್ರ ಕನ್ನಡ ಆಡುವವನು ಹಾಸ್ಯಗಾರ. ಅವನು ‘ಹ್ವಾಯ್, ಎಂತ ಮರಾಯ್ರೆ’ ಅಂದ ಕೂಡಲೇ ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕಿದ್ದೇನೆ. ಮನೆಯಲ್ಲಿ ಅಮ್ಮ ಆಡುವ ಮಾತನ್ನೇ ಕೇಳಿ ರಂಗಸ್ಥಳದ ಎದುರು ಯಾಕೆ ನಗು ಬಂತು ಅಂತ ಆಗ ಯೋಚನೆ ಮಾಡಿದವನಲ್ಲ. ಹಾಸ್ಯಗಾರರ ಕಲೆಯನ್ನು ನಾನು ಹಳಿಯುತ್ತಿಲ್ಲ, ಅವರು ಇಲ್ಲದೆ ಬೆಳಗಿನ ಜಾವದವರೆಗೆ ಕೂರುವವರು ಯಾರು? ಆದರೆ ನಮ್ಮ ಮಾತು ನಗಿಸಲಿಕ್ಕೆ ಇರುವುದು ಅಂತ ನಮಗೆ ಕಲಿಸಿದವರಲ್ಲಿ ಘಟ್ಟದ ಮೇಲಿನವರು ಮಾತ್ರ ಇಲ್ಲ, ನಾವೂ ಇದ್ದೇವೆ. ಸಿನಿಮಾದವರು ಆಮೇಲೆ ಬಂದರು, ಕರಾವಳಿಯವ ಅಂದರೆ ಜುಟ್ಟು ಬಿಟ್ಟ ಅಡಿಗೆ ಭಟ್ಟ, ಬಾಯಿ ತೆರೆದರೆ ‘ಎಂಥದು ಮಾರಾಯ್ರೆ’ ಅಂತ ಅಚ್ಚು ಹಾಕಿದರು.

ಯಾವ ಮಾತಿಗೆ ನಗುವುದು ಗೊತ್ತೇ? ‘ಉಂಬುಕೆ’, ‘ಕಾಂಬ’, ‘ತಿಂಬುದು’. ಹಾಸ್ಟೆಲ್ಲಿನಲ್ಲಿ ನಮ್ಮ ಹುಡುಗ ‘ಉಂಬ ಹೊತ್ತಾಯ್ತು’ ಅಂದರೆ ಸಾಕು. ಅಯ್ಯಾ, ಉಂಬ, ಕಾಂಬ ಅನ್ನುವ ರೂಪಗಳು ವಚನಗಳಲ್ಲಿವೆ, ನಡುಗನ್ನಡ ಕಾವ್ಯಗಳಲ್ಲಿವೆ. ಎಂ.ಎ. ತರಗತಿಯಲ್ಲಿ ಅದು ಪರೀಕ್ಷೆಯ ಪ್ರಶ್ನೆ, ಹಾಸ್ಟೆಲ್ಲಿನ ಊಟದ ಮನೆಯಲ್ಲಿ ಅದು ನಗೆಚಾಟಿಕೆ! ನಮ್ಮವ ಎರಡು ತಿಂಗಳಲ್ಲಿ ‘ಮಚ್ಚಾ’ ಕಲಿಯುತ್ತಾನೆ. ನಾಗರ ಪಂಚಮಿಗೆ ಊರಿಗೆ ಬಂದು ಅದೇ ಧಾಟಿಯಲ್ಲಿ ಮಾತಾಡುತ್ತಾನೆ. ಆಗ ಇಲ್ಲಿನವರು ಬಿಡುತ್ತಾರಾ? ‘ಓಹೋ, ಬೆಂಗ್ಳೂರ್ ಗಾಳಿ ಬಡ್ದಿತ್ತ್ ಮಾಣಿಗೆ’ ಅಂತ ಇವರೂ ನೆಗಾಡುತ್ತಾರೆ. ಆ ಹುಡುಗ ಅಲ್ಲೂ ಬಾಯಿ ಮುಚ್ಚಬೇಕು, ಇಲ್ಲೂ ಬಾಯಿ ಮುಚ್ಚಬೇಕು. ಕೊನೆಗೆ ಅವನಿಗೆ ಇಂಗ್ಲಿಷೇ ನೆಮ್ಮದಿ. ಯಾಕೆಂದರೆ ಅದು ಎಲ್ಲರಿಗೂ ಪರಭಾಷೆ, ಅವನೊಬ್ಬನನ್ನೇ ಇಟ್ಟುಕೊಂಡು ನಗುವವರಿಲ್ಲ.

ಇದು ಬರೀ ನಮ್ಮ ಕುಂದಾಪುರದ ಗೋಳು ಅಂದುಕೊಳ್ಳಬೇಡಿ. ಅಕಾರ ಹಕಾರ ಅದಲು ಬದಲು ಮಾಡುವ ಹಳ್ಳಿಯ ಹುಡುಗನನ್ನು ನೀವು ಎಷ್ಟು ಸಲ ಅಣಕಿಸಿಲ್ಲ? ಹುಬ್ಬಳ್ಳಿ, ಬೀದರ್, ಚಾಮರಾಜನಗರದ ಮಾತನ್ನು ಎಷ್ಟು ಸಲ ಮಿಮಿಕ್ರಿ ಮಾಡಿಲ್ಲ? ಅದನ್ನು ಮಾಡಿದವರು ಪರಭಾಷಿಕರಲ್ಲ. ನವೆಂಬರ್ 1ಕ್ಕೆ ಕೆಂಪು ಹಳದಿ ಶಾಲು ಹಾಕುವವರು.

ನನ್ನ ಅಂಗಡಿಯದ್ದೇ ಇನ್ನೊಂದು ಕಥೆ ಕೇಳಿ. ಹೆದ್ದಾರಿ ಬದಿಯಲ್ಲಿ ಒಬ್ಬ ಸಣ್ಣ ಊಟದ ಹೋಟೆಲ್ ಇಟ್ಟ. ಹೆಚ್ಚು ಓದಿದವನಲ್ಲ. ಹಲಗೆಯ ಮೇಲೆ ಬಣ್ಣದಲ್ಲಿ ತಾನೇ ಬರೆದ: ‘ಮಿನು ಊಟ ಸಿಗುತದೆ’. ದೀರ್ಘ ಇಲ್ಲ, ಒತ್ತು ಇಲ್ಲ. ಒಪ್ಪುತ್ತೇನೆ. ಬೈಕಿನಲ್ಲಿ ಬಂದ ಕಾಲೇಜು ಹುಡುಗರು ಫೋಟೋ ತೆಗೆದು, ಮೇಲೆ ಏನೇನೋ ಬರೆದು ಊರಿಡೀ ಹಂಚಿದರು. ಅವನ ಮಗಳ ಮೊಬೈಲಿಗೂ ಬಂತು. ವಾರದೊಳಗೆ ನನ್ನಲ್ಲಿಗೆ ಬಂದ. ‘ಇಂಗ್ಲಿಷಗೆ ಒಂದ್ ಬೋರ್ಡ್ ಮಾಡಿ ಕೊಡಿ’ ಅಂದ. ಯಾಕೆ ಮಾರಾಯ, ಕನ್ನಡದಲ್ಲೇ ಸರಿ ಮಾಡಿ ಕೊಡುತ್ತೇನೆ ಅಂದೆ. ಅವನು ಹೇಳಿದ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ: ‘ಬ್ಯಾಡ. ಇಂಗ್ಲಿಷಗೆ ತಪ್ಪಾರೆ ಯಾರಿಗೂ ಗೊತ್ತಾತ್ತಿಲ್ಲೆ.’

ಆ ಫೋಟೋ ಹಂಚಿದವರು ಕನ್ನಡಾಭಿಮಾನಿಗಳು ಸ್ವಾಮಿ! ಕನ್ನಡ ಕೊಲೆಯಾಯಿತು ಅಂತ ಹೊಟ್ಟೆ ಉರಿದು ಹಂಚಿದವರು. ಕೊಲೆ ಮಾಡಿದವರು ಯಾರು ಹಾಗಾದರೆ? ಅದೇ ರಸ್ತೆಯಲ್ಲಿ ನಾಲ್ಕು ಮಹಡಿಯ ಹೋಟೆಲ್ಲಿನ ಮೆನು ಕಾರ್ಡಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಅದರ ಫೋಟೋ ಯಾರೂ ತೆಗೆಯಲಿಲ್ಲ. ತಪ್ಪಾಗಿ ಬರೆದವನಿಗೆ ನಗೆ, ಬರೆಯದೇ ಇದ್ದವನಿಗೆ ಟಿಪ್ಸು. ನಮ್ಮ ನಗೆ ಯಾವತ್ತೂ ತಗ್ಗಿನ ಕಡೆಗೇ ಹರಿಯುತ್ತದೆ, ನೀರಿನ ಹಾಗೆ.

ಇಂಗ್ಲೆಂಡಿನ ಮಗ್ಗುಲಲ್ಲೇ ವೇಲ್ಸ್ ಅಂತ ನಾಡಿದೆ. 19ನೇ ಶತಮಾನದಲ್ಲಿ ಅಲ್ಲಿನ ಕೆಲವು ಶಾಲೆಗಳಲ್ಲಿ ವೆಲ್ಶ್ ಭಾಷೆ ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಕಟ್ಟುತ್ತಿದ್ದರು. ಆ ಮಗು ಅದನ್ನು ಕಳಚಬೇಕಾದರೆ ವೆಲ್ಶ್ ಮಾತಾಡುವ ಇನ್ನೊಂದು ಮಗುವನ್ನು ಹಿಡಿದು ಕೊಡಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಆ ಮಗುವಿಗೆ ಏಟು. ಮೇಷ್ಟ್ರು ಬೆತ್ತ ಹಿಡಿದು ಓಡಾಡುವ ಕೆಲಸವೇ ಇಲ್ಲ. ಮಕ್ಕಳೇ ಮಕ್ಕಳ ಬಾಯಿ ಕಾಯುತ್ತಿದ್ದರು. ಓದಿದಾಗ ಮೈ ಜುಮ್ಮೆಂದಿತು. ನಮ್ಮ ಊರುಗಳಲ್ಲಿ ಕನ್ನಡ ಮಾತಾಡಿದ ಮಗುವಿನ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯುತ್ತಾನಲ್ಲ, ಅದು ಇದೇ ಮರದ ತುಂಡು. ನಮ್ಮ ಪುಣ್ಯಕ್ಕೆ ಮಕ್ಕಳು ಇನ್ನೂ ಪೂರ್ತಿ ಪಳಗಿಲ್ಲ. ನನ್ನ ಮಗಳು ಲೀಡರ್ ಆಗಿದ್ದಾಗ ತನ್ನ ಗೆಳತಿಯರ ಹೆಸರು ಬಿಟ್ಟು ಬೇರೆಯವರದ್ದು ಬರೆಯುತ್ತಿದ್ದಳು.

ಇನ್ನೂ ಒಂದು ಮಾತು ಹೇಳದೆ ಇದ್ದರೆ ಮೋಸವಾಗುತ್ತದೆ. ಊರಿನ ನೋಟವನ್ನು, ಕೆಮ್ಮನ್ನು ನಾನು ಮೇಲೆ ಹೊಗಳಿದೆ. ಅದೇ ನೋಟ ವಿಧವೆಯ ತಲೆ ಬೋಳಿಸಿದೆ. ಅದೇ ನೋಟ ಕೊರಗರ ಮಕ್ಕಳನ್ನು ಅಂಗಳದ ಆಚೆ ನಿಲ್ಲಿಸಿದೆ. ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ಕೊಡುವ ಅಜಲು ಪದ್ಧತಿ ನಿಲ್ಲಿಸಲು 2000ರಲ್ಲಿ ಸರ್ಕಾರ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಯಾಕೆ? ‘ಹಿಂದಿನಿಂದ ಬಂದದ್ದು, ಬಿಟ್ಟರೆ ಜನ ಏನಂದಾರು’ ಅಂತ. ಕೊರಗರಿಗೆ ತಮ್ಮದೇ ಒಂದು ಭಾಷೆ ಇದೆ. ಅವರ ಮಕ್ಕಳು ಅದನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಆಡುವುದನ್ನು ನೀವು ಎಂದಾದರೂ ಕೇಳಿದ್ದೀರಾ? ನಮಗೆ ಇಂಗ್ಲಿಷಿನವ ಮಾಡಿದ್ದು ಅಂತ ನಾವು ಅಳುತ್ತೇವೆ. ನಾವು ಅವರಿಗೆ ಮಾಡಿದ್ದರ ಲೆಕ್ಕ ಯಾರ ಪುಸ್ತಕದಲ್ಲಿದೆ?

ಕೋಟದ ಶಿವರಾಮ ಕಾರಂತರು 1936ರಲ್ಲಿ ಜಾತಿ ಬಿಟ್ಟು ಲೀಲಾ ಅವರನ್ನು ಮದುವೆಯಾದರು. ಆ ಕಾಲದಲ್ಲಿ ಅಂಥ ಮದುವೆಗೆ ಬಂದ ಮಾತುಗಳು, ತಿರುಗಿದ ಮುಖಗಳು ಸಣ್ಣವಲ್ಲ. 1977ರ ಜ್ಞಾನಪೀಠ ಬಂದ ಮೇಲೆ ಕಾರಂತರು ನಮ್ಮವರು ಅಂತ ಎಲ್ಲರೂ ಎದೆ ಉಬ್ಬಿಸಿದರು. ನಾನೇ ಎಷ್ಟೋ ಸಮಾರಂಭದ ಕರಪತ್ರದಲ್ಲಿ ‘ಕಡಲತೀರದ ಭಾರ್ಗವ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಊರಿನ ಮೂತಿ ತಿರುವುದು ತಪ್ಪೂ ಆಗಬಹುದು, ಅದು ತಪ್ಪಾದಾಗ ಊರು ಕ್ಷಮೆ ಕೇಳುವುದಿಲ್ಲ. ಸುಮ್ಮನೆ ಮರೆತುಬಿಡುತ್ತದೆ.

ಹಾಗಾದರೆ ಮಾಡುವುದೇನು? ನಗುವುದು ನಿಲ್ಲಿಸಿ ಅಂತ ಬೋಧನೆ ಮಾಡಲು ನಾನು ಸ್ವಾಮೀಜಿಯಲ್ಲ. ನಗೆ ನಿಲ್ಲುವುದಿಲ್ಲ. ಆದರೆ ಅದು ತಿರುಗುತ್ತದೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಕುಂದಾಪುರದವರೇ ಆದ ವೈದೇಹಿ ತಮ್ಮ ಕಥೆಗಳಲ್ಲಿ ಇಲ್ಲಿನ ಹೆಂಗಸರ ಮಾತನ್ನು ಹಾಗೇ ಇಟ್ಟರು. 2014ರಲ್ಲಿ ಬಸ್ರೂರಿನ ರವಿ ಕುಂದಾಪ್ರ ಕನ್ನಡದಲ್ಲೇ ‘ಗರ್ಗರ್ ಮಂಡ್ಲ’ ಅಂತ ಪೂರ್ತಿ ಸಿನಿಮಾ ಮಾಡಿದರು. ಪಂಜು ಗಂಗೊಳ್ಳಿಯವರು ಜನ ಸೇರಿಸಿಕೊಂಡು ಕುಂದಾಪ್ರ ಕನ್ನಡಕ್ಕೆ ನಿಘಂಟು ತಂದರು. 2019ರಿಂದ ಆಸಾಡಿ ಅಮಾಸಿ ದಿನವನ್ನು ಕುಂದಾಪ್ರ ಕನ್ನಡ ದಿನ ಅಂತ ಆಚರಿಸತೊಡಗಿದರು. ಆಮೇಲೆ 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿ ‘ಕಾಂತಾರ’ ತಂದರು. ಅದರಲ್ಲಿ ನಮ್ಮ ಮಾತು ಆಡುವವನು ಅಡಿಗೆ ಭಟ್ಟನಲ್ಲ, ನಾಯಕ. ಆ ವರ್ಷ ಬೆಂಗಳೂರಿನ ಹುಡುಗರು ನಮ್ಮ ಹುಡುಗರನ್ನು ಹಿಡಿದು ‘ಅದು ಹೇಗೆ ಹೇಳೋದು, ಇನ್ನೊಮ್ಮೆ ಹೇಳೋ’ ಅಂತ ಕೇಳಿದರಂತೆ. ನೆಗಾಡುತ್ತಿದ್ದ ಮಾತೇ ಅದು. ಮಾತು ಬದಲಾಗಿರಲಿಲ್ಲ.

ಅದೇ ಸಮಯಕ್ಕೆ ಬೈಂದೂರಿನ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ ನನ್ನಲ್ಲಿಗೆ ಬಂದು ಮದುವೆ ಕಾಗದವನ್ನು ಪೂರ್ತಿ ಕುಂದಾಪ್ರ ಕನ್ನಡದಲ್ಲೇ ಮಾಡಿಸಿದ. ಅವನ ದೊಡ್ಡಪ್ಪ ಪ್ರೆಸ್ಸಿಗೇ ಬಂದು ನನ್ನನ್ನು ಬೈದರು, ‘ಇದೆಂತ, ಮದಿಯಾ, ನಾಟ್ಕವಾ?’ ಅಂತ. ಹುಡುಗ ಹಟ ಬಿಡಲಿಲ್ಲ. ಕಾಗದ ಹಂಚಿದ ಮೇಲೆ ಜನ ನಕ್ಕರು, ಹೌದು. ಓದಿ ಖುಷಿಯಾಗಿ ನಕ್ಕರು. ಆ ವರ್ಷ ಅದೇ ಮಾದರಿ ಬೇಕು ಅಂತ ಕೇಳಿಕೊಂಡು ಬಂದವರಲ್ಲಿ, ಹೇಳಿದರೆ ನಂಬಲಿಕ್ಕಿಲ್ಲ, ಅದೇ ದೊಡ್ಡಪ್ಪ ಒಬ್ಬರು. ಮಗಳ ಮದುವೆಗೆ. ಬೈದದ್ದರ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಬ್ಬ ಮೊದಲು ಹೆಜ್ಜೆ ಇಡಬೇಕು. ಹಾಗೆ ಇಟ್ಟವನ ಪಕ್ಕದಲ್ಲಿ ಇನ್ನೊಬ್ಬ ಕೂಡಲೇ ನಿಲ್ಲಬೇಕು. ಎರಡನೆಯವನದ್ದೇ ಕಷ್ಟದ ಕೆಲಸ ಅಂತ ನನ್ನ ಅನುಭವ. ಹಾಸ್ಟೆಲ್ಲಿನಲ್ಲಿ ಕೊಪ್ಪಳದ ಹುಡುಗನ ಮಾತಿಗೆ ಆರು ಜನ ನಕ್ಕಾಗ ನೀವು ಏಳನೆಯವರಾಗಿ ನಗದೆ ಅವರ ಮುಖ ನೋಡಿ, ಆಟದ ಮುದುಕರು ನೋಡಿದ ಹಾಗೆ. ಭಾಷಣ ಬೇಡ, ಒಂದು ಕೆಮ್ಮು ಸಾಕು. ಕನ್ನಡ ಬರುವ ಸೇಲ್ಸ್‌ಮನ್ ನಿಮ್ಮ ಬಟ್ಟೆ ನೋಡಿ ಇಂಗ್ಲಿಷ್ ಶುರು ಮಾಡಿದರೆ ಕನ್ನಡದಲ್ಲೇ ಉತ್ತರ ಕೊಟ್ಟು ಸುಮ್ಮನೆ ಕಾಯಿರಿ. ತಪ್ಪು ಬರೆದ ಹಲಗೆ ಕಂಡರೆ ಒಳಗೆ ಹೋಗಿ ಒಂದು ಚಾ ಕುಡಿದು, ಯಜಮಾನನ ಕಿವಿಯಲ್ಲಿ ಹೇಳಿ. ಫೋಟೋ ತೆಗೆಯಲೇಬೇಕು ಅನ್ನಿಸಿದರೆ ಕನ್ನಡವೇ ಇಲ್ಲದ ಮೆನು ಕಾರ್ಡಿನದ್ದು ತೆಗೆಯಿರಿ. ಮಸಿ ಬಳಿಯಲು ಹೊರಡುವ ಗೆಳೆಯರಿಗೂ ಒಂದು ಮಾತು. ಮಸಿ ನನ್ನ ಕಸುಬು, ಇಷ್ಟು ವರ್ಷ ಅದರಲ್ಲೇ ಕೈ ಅದ್ದಿದ್ದೇನೆ. ಬಳಿದ ಮಸಿಗೆ ಜನ ಹೆದರುತ್ತಾರೆ, ಮಾರನೆಯ ದಿನ ಬೋರ್ಡು ಬದಲಿಸುತ್ತಾರೆ. ಆದರೆ ಮನೆಗೆ ಹೋಗಿ ಮಗುವಿಗೆ ಇಂಗ್ಲಿಷ್ ರೈಮ್ಸೇ ಹೇಳಿಸುತ್ತಾರೆ.

ಇಷ್ಟೆಲ್ಲ ಬರೆಯುವ ನಾನು ಏನು ಮಾಡಿದೆ? ಕೇಳುವ ಹಕ್ಕು ನಿಮಗಿದೆ. ಎರಡು ವರ್ಷದ ಹಿಂದೆ ನನ್ನ ಮಗಳು ಓದಲು ಬೆಂಗಳೂರಿಗೆ ಹೊರಟಳು. ರಾತ್ರಿ ಬಸ್ಸು. ಬಸ್ ನಿಲ್ದಾಣದಲ್ಲಿ ಚೀಲ ಎತ್ತಿ ಕೊಡುತ್ತ ನಾನು ಹೇಳಿದ್ದು, ‘ಅಲ್ಲಿ ಹೋಗಿ ನಮ್ ಭಾಷಿ ಮಾತಾಡ್ಬ್ಯಾಡ, ನೆಗಾಡ್ತ್ರ್.’ ಬೇರೆ ಯಾರೂ ಹೇಳಿದ್ದಲ್ಲ, ನಾನೇ. ಕನ್ನಡ ಸಂಘದ ಕರಪತ್ರವನ್ನು ಕಾಸು ತೆಗೆದುಕೊಳ್ಳದೆ ಅಚ್ಚು ಹಾಕಿ ಕೊಡುವ ನಾನು! ಅವಳು ಒಳ್ಳೆಯ ಮಗು, ಹೇಳಿದ್ದನ್ನು ಕೇಳಿದಳು. ಆರು ತಿಂಗಳಲ್ಲಿ ಫೋನಿನಲ್ಲೂ ಅವಳ ಮಾತು ಬೇರೆಯಾಯಿತು. ನನ್ನ ಅಮ್ಮ ಒಂದು ದಿನ ಫೋನು ಕೆಳಗಿಟ್ಟು, ‘ಅದ್ ಹೊರ್ಗಿನೋರ್ ಹತ್ರ ಮಾತಾಡ್ದಾಂಗೆ ಮಾತಾಡತ್ತ್ ಮರಾಯಾ’ ಅಂದರು. ಆಮೇಲೆ ಅವಳ ಫೋನು ಬಂದರೆ ಅಮ್ಮ ಒಳಗಿನಿಂದಲೇ, ನಾನು ಉಂಡಾಯ್ತು ಅಂತ ಹೇಳು ಅನ್ನುತ್ತಾರೆ, ಎದ್ದು ಬರುವುದಿಲ್ಲ.

ಕಳೆದ ಆಸಾಡಿಯಲ್ಲಿ ಮಗಳಿಗೆ ನಾನೇ ಫೋನು ಮಾಡಿ, ಬಸ್ ನಿಲ್ದಾಣದಲ್ಲಿ ಹೇಳಿದ ಮಾತು ತಪ್ಪಾಯಿತು ಅಂದೆ. ಅವಳಿಗೆ ಅದು ನೆನಪೇ ಇರಲಿಲ್ಲ, ಅಥವಾ ಇಲ್ಲ ಅಂದಳು. ಅವಳ ಹಿಂದೆ ಪಿ.ಜಿ.ಯ ಹುಡುಗಿಯರ ಗಲಾಟೆ ಕೇಳುತ್ತಿತ್ತು. ‘ಉಂಡ್ಯಾ?’ ಅಂತ ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದಳು. ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ದನಿ ತಗ್ಗಿಸಿ, ‘ಉಂಡೆ ಅಪ್ಪಯ್ಯ. ಅಮ್ಮಮ್ಮನಿಗೆ ಫೋನ್ ಕೊಡಿ ಕಾಂಬ’ ಅಂದಳು.